ಚಳಿಗಾಲದಲ್ಲಿ ಗೋಬರ್ ಗ್ಯಾಸ್ ಏಕೆ ಕಡಿಮೆಯಾಗುತ್ತದೆ?



ಬೇಸಿಗೆಯಲ್ಲಿ ಎರಡು ಹೊತ್ತಿನ ಅಡುಗೆಗೆ ಸಾಕಾಗುತ್ತಿದ್ದ ಗೋಬರ್ ಗ್ಯಾಸ್ ಮಾಗಿಯ ಚಳಿಯಲ್ಲಿ ಒಂದು ಹೊತ್ತಿಗೂ ಸಾಲದೆ ಹೋಗುವುದುಂಟು. ಸ್ಥಾವರ ಕೆಟ್ಟಿತೆಂದು ತಿಳಿದು ಸಗಣಿ ಹಾಕುವುದನ್ನೇ ಬಿಟ್ಟು, ಮತ್ತೆ ಸೌದೆ ಒಲೆಯ ಹೊಗೆಗೆ ಮರಳುವವರೂ ಇದ್ದಾರೆ. ಹಾಗೆ ಮಾಡುವ ಮೊದಲು ಕಾರಣ ತಿಳಿಯಿರಿ.

ಗಾಳಿಯಾಡದ ಗುಂಡಿಯಲ್ಲಿ ಸಗಣಿಯನ್ನು ಕೊಳೆಸಿ ಅನಿಲ ಮಾಡುವವು ಸೂಕ್ಷ್ಮಜೀವಿಗಳು. ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೀಥೇನ್, ಉರಿಯುವುದು ಅದೇ. ಉಳಿದದ್ದು ಬಹುಪಾಲು ಇಂಗಾಲದ ಡೈ ಆಕ್ಸೈಡ್. ಈ ಜೀವಿಗಳಿಗೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. 20 ಡಿಗ್ರಿಗಿಂತ ಇಳಿದರೆ ಅವುಗಳ ಕೆಲಸ ನಿಧಾನವಾಗುತ್ತದೆ. ಚಳಿಯಲ್ಲಿ ಹೆಪ್ಪು ಹಾಕಿದ ಹಾಲು ತಡವಾಗಿ ಮೊಸರಾಗುವುದೂ ಇದೇ ಕಾರಣದಿಂದ.

ಹಾಗಾದರೆ ಏನು ಮಾಡಬೇಕು?

1. ಸಗಣಿಯಷ್ಟೇ ನೀರು ಬೆರೆಸಿ. ಡ್ರಮ್ಮಿನಲ್ಲಿ ನೀರನ್ನು ಬಿಸಿಲಿಗಿಟ್ಟು, ಮುಂಜಾನೆಯ ಬದಲು ಮಧ್ಯಾಹ್ನ ಕಲಸಿ ಹಾಕಿ.

2. ಗ್ಯಾಸ್ ಕಡಿಮೆಯೆಂದು ಒಮ್ಮೆಲೇ ಹೆಚ್ಚು ಸಗಣಿ ತುಂಬಬೇಡಿ. ಗುಂಡಿಯೊಳಗೆ ಹುಳಿ ಹೆಚ್ಚಾಗಿ, ಬಂದ ಅನಿಲವೂ ಉರಿಯದೆ ಹೋದೀತು.

3. ಹುಲ್ಲು, ಮರಳು, ಕಲ್ಲು ಆರಿಸಿ ತೆಗೆಯಿರಿ.

4. ಫಿನೈಲ್ ಅಥವಾ ಸೋಪು ಹಾಕಿ ಕೊಟ್ಟಿಗೆ ತೊಳೆದ ನೀರು ಗುಂಡಿಗೆ ಸೇರದಿರಲಿ. ಆಂಟಿಬಯೋಟಿಕ್ ಔಷಧ ಪಡೆಯುತ್ತಿರುವ ಹಸುವಿನ ಸಗಣಿಯನ್ನು ಕೆಲವು ದಿನ ತಿಪ್ಪೆಗೆ ಹಾಕಿ. ಇವು ಉಪಕಾರಿ ಜೀವಿಗಳನ್ನೂ ಕೊಲ್ಲುತ್ತವೆ.

5. ಗುಮ್ಮಟದ ಮೇಲಿನ ಮಣ್ಣಿಗೆ ಒಣಹುಲ್ಲು ಹೊದಿಸಿ.

6. ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಪ್ರಾಣಾಪಾಯ. ಸೋರಿದ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಬಹಳ ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಆದ್ದರಿಂದ ಸೋರಿಕೆ ಮನೆಗೂ ನಷ್ಟ, ಊರಿಗೂ ನಷ್ಟ.

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ದಿನಕ್ಕೆ 50 ಕಿಲೋ ಸಗಣಿ ಹಾಕಿದರೆ 2 ಘನ ಮೀಟರ್ ಆಯಿತು. ನಾಲ್ಕೈದು ಜನರ ಸಂಸಾರದ ಅಡುಗೆಗೆ ಅಷ್ಟು ಸಾಕು.

ಇನ್ನೊಂದು ಲೆಕ್ಕವನ್ನು ಮರೆಯಬೇಡಿ. ಬೆರಣಿ ತಟ್ಟಿ ಸುಟ್ಟರೆ ಸಗಣಿಯ ಸಾರಜನಕ ಹೊಗೆಯಾಗಿ ಹೋಗುತ್ತದೆ. ಸ್ಥಾವರದಲ್ಲಿ ಉರಿಯುವುದು ಅನಿಲ ಮಾತ್ರ. ಸಾರಜನಕ ಬಗ್ಗಡದಲ್ಲೇ ಉಳಿದು ನಿಮ್ಮ ಮೇವಿನ ಬೆಳೆಗೆ ಗೊಬ್ಬರವಾಗುತ್ತದೆ. ಒಂದೇ ಸಗಣಿಯಿಂದ ಒಲೆಯೂ ಉರಿಯಿತು, ಹೊಲವೂ ಉಂಡಿತು. ಆದ್ದರಿಂದ ಚಳಿಯ ಎರಡು ತಿಂಗಳು ತಾಳ್ಮೆಯಿಂದ ಸ್ಥಾವರವನ್ನು ನಡೆಸಿಕೊಂಡು ಹೋಗಿ.