ಪುಟ್ಟ ಮಗುವಿನೊಡನೆ ಒಂದು ದಿನ ಮೈಸೂರಿಗೆ

ರಜೆಯ ದಿನ ಸಂಜೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಅಪ್ಪನ ಹೆಗಲ ಮೇಲೆ ಸೋತು ಮಲಗಿದ ನಾಲ್ಕು ವರ್ಷದ ಮಗು, ಅಮ್ಮನ ಎರಡೂ ಕೈಯಲ್ಲಿ ಚೀಲ, ಪಕ್ಕದಲ್ಲಿ ಮುಖ ಊದಿಸಿಕೊಂಡ ಅಕ್ಕ. ಚಾಮುಂಡಿಬೆಟ್ಟ, ಮೃಗಾಲಯ, ಅರಮನೆ, ಬೃಂದಾವನ ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂದು ಹೊರಟ ಸಂಸಾರವದು. "ಏನು ನೋಡಿದೆಯೋ ಪುಟ್ಟ?" ಎಂದು ಮರುದಿನ ಅಜ್ಜಿ ಕೇಳಿದರೆ ಮಗು ಹೇಳುವುದು "ಐಸ್‌ಕ್ರೀಂ" ಎಂದು ಮಾತ್ರ. ಒಮ್ಮೊಮ್ಮೆ ಅದನ್ನು ಹೇಳುವುದಕ್ಕೂ ಆಗದಂತೆ ಜ್ವರ ಬಂದಿರುತ್ತದೆ.

ತಪ್ಪು ಮಗುವಿನದಲ್ಲ, ಮೈಸೂರಿನದೂ ಅಲ್ಲ. ಪ್ರವಾಸದ ಲೆಕ್ಕವನ್ನು ದೊಡ್ಡವರ ಅಳತೆಯಲ್ಲಿ ಹಾಕಿದ್ದೇ ತಪ್ಪು.

ಮಗುವಿನ ಅಳತೆ

ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು ಒಂದು ಮೀಟರು. ದೊಡ್ಡವರು ಒಂದು ಹೆಜ್ಜೆ ಇಡುವಲ್ಲಿ ಅದು ಹೆಚ್ಚುಕಡಿಮೆ ಎರಡು ಹೆಜ್ಜೆ ಇಡಬೇಕು. ಅಪ್ಪ ಮೂರು ಕಿಲೋಮೀಟರ್ ನಡೆದರೆ, ಹೆಜ್ಜೆಗಳ ಲೆಕ್ಕದಲ್ಲಿ ಮಗು ಆರು ಕಿಲೋಮೀಟರ್ ನಡೆದಂತೆ. ಜನಸಂದಣಿಯಲ್ಲಿ ಅದರ ಕಣ್ಣಿಗೆ ಕಾಣುವುದು ಅರಮನೆಯ ಕಮಾನಲ್ಲ, ಮುಂದಿನವರ ಸೊಂಟ ಮತ್ತು ಕೈಚೀಲ. ಇನ್ನು ತೂಕಕ್ಕೆ ಹೋಲಿಸಿದರೆ ಚಿಕ್ಕ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಬಿಸಿಲಿನಲ್ಲಿ ಅವರ ಮೈ ಬೇಗ ಕಾಯುತ್ತದೆ, ನೀರಿನ ಅಂಶವೂ ಬೇಗ ಕಡಿಮೆಯಾಗುತ್ತದೆ.

ಈ ಮೂರನ್ನು ನೆನಪಿಟ್ಟುಕೊಂಡರೆ ಯೋಜನೆ ಅರ್ಧ ಮುಗಿದಂತೆ. ಒಂದು ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಚಿಕ್ಕ ಜಾಗ. ನಡುವೆ ಊಟ ಮತ್ತು ನೆರಳು. ಅಷ್ಟೇ ಸಾಕು.

ಯಾವ ದಿನ?

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸುವ ದಿನಗಳಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಕೆ.ಆರ್. ನಗರದವರಿಗೆ ಭತ್ತದ ನಾಟಿ, ಕೊಯ್ಲು. ಬೇಸಿಗೆ ರಜೆಯಲ್ಲಿ ಬಿಡುವಿದ್ದರೂ ಬಿಸಿಲು ಹೆಚ್ಚು. ದಸರಾ ರಜೆಯಲ್ಲಿ ಜಾತ್ರೆಯಂಥ ಜನ. ಜಂಬೂ ಸವಾರಿಯ ದಿನವಂತೂ ಪುಟ್ಟ ಮಗುವಿನೊಡನೆ ಹೋಗದಿರುವುದೇ ಕ್ಷೇಮ. ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ ಎಂಬುದೂ ತಿಳಿದಿರಲಿ.

ವಾರ ನೋಡುವುದು ಶಾಸ್ತ್ರಕ್ಕಲ್ಲ, ಬಾಗಿಲು ತೆರೆದಿರಲೆಂದು. ಮೃಗಾಲಯಕ್ಕೆ ಮಂಗಳವಾರ ರಜೆ. ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಮಾತ್ರ. ಅದನ್ನು ನೋಡಲೇಬೇಕೆಂದರೆ ಭಾನುವಾರವೇ ಆಗಬೇಕು. ಬೇಡವೆಂದರೆ ಬುಧವಾರದಿಂದ ಶುಕ್ರವಾರದೊಳಗೆ ಒಂದು ದಿನ ಆರಿಸಿಕೊಂಡರೆ ನೂಕುನುಗ್ಗಲು ತಪ್ಪುತ್ತದೆ.

ದಾರಿಯ ಮಾತು

ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಮೈಸೂರಿಗೆ ಐವತ್ತು ಕಿಲೋಮೀಟರಿನೊಳಗಿನ ದಾರಿ; ಪಿರಿಯಾಪಟ್ಟಣದಿಂದ ಇನ್ನೂ ಸ್ವಲ್ಪ ಹೆಚ್ಚು. ಕೆ.ಆರ್. ನಗರದವರಿಗೆ ರೈಲೂ ಉಂಟು. ಅನೇಕ ಮಕ್ಕಳಿಗೆ ಮೃಗಾಲಯಕ್ಕಿಂತ ರೈಲುಪ್ರಯಾಣವೇ ದೊಡ್ಡ ಸಂಭ್ರಮ.

ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆಧಾರ್ ಚೀಟಿ ಮರೆಯಬಾರದು.

ಬಸ್ಸಿನಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದು ಏಕೆ? ಒಳಕಿವಿಯಲ್ಲಿರುವ ಸಮತೋಲನದ ಅಂಗ "ದೇಹ ಅಲುಗಾಡುತ್ತಿದೆ" ಎನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು "ಇಲ್ಲ, ಎಲ್ಲ ನಿಂತಿದೆ" ಎನ್ನುತ್ತದೆ. ಎರಡು ಸುದ್ದಿಗಳ ತಾಕಲಾಟದಿಂದ ಹೊಟ್ಟೆ ತೊಳಸುತ್ತದೆ. ಮಗುವನ್ನು ಮುಂಭಾಗದ ಕಿಟಕಿಯ ಬಳಿ ಕೂರಿಸಿ ದೂರದ ಮರ, ಗದ್ದೆ, ಗುಡ್ಡ ತೋರಿಸಬೇಕು. ಮೊಬೈಲು ಕೊಡಲೇಬಾರದು. ಹೊರಡುವ ಮುನ್ನ ಎರಡು ಇಡ್ಲಿ ಸಾಕು. ಹೊಟ್ಟೆ ಬಿರಿಯುವಷ್ಟೂ ಬೇಡ, ಖಾಲಿ ಹೊಟ್ಟೆಯೂ ಬೇಡ.

ಏನು ನೋಡುವುದು?

ಬೆಳಗಿನ ತಂಪಿನಲ್ಲಿ ಮೃಗಾಲಯ. 1892ರಲ್ಲಿ ಆರಂಭವಾದ ಈ ಶ್ರೀ ಚಾಮರಾಜೇಂದ್ರ ಮೃಗಾಲಯದ ವಿಸ್ತಾರ ನೂರೈವತ್ತು ಎಕರೆಗೂ ಹೆಚ್ಚು. ಎಲ್ಲವನ್ನೂ ನೋಡುವ ಹಟ ಬೇಡ. ನಮ್ಮ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಆನೆ ಹೊಸದಲ್ಲ. ದಸರಾ ಗಜಪಯಣ ಹೊರಡುವುದೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ, ಎಚ್.ಡಿ. ಕೋಟೆಯ ಕಾಡಂಚಿನವರ ಹೊಲಕ್ಕೆ ಆನೆ ಕರೆಯದೆಯೇ ಬರುತ್ತದೆ. ಆದರೆ ಜಿರಾಫೆಯನ್ನು ಅವರು ಕಂಡಿರುವುದು ಪುಸ್ತಕದಲ್ಲಿ ಮಾತ್ರ. ಅಷ್ಟುದ್ದದ ಕತ್ತಿನಲ್ಲಿರುವ ಮೂಳೆಗಳು ಏಳೇ, ನಮ್ಮ ಕತ್ತಿನಲ್ಲಿರುವಷ್ಟೇ! ಇದನ್ನು ಅಕ್ಕ ತಮ್ಮನಿಗೆ ಅಲ್ಲೇ ನಿಂತು ಹೇಳಿದರೆ ಇಬ್ಬರಿಗೂ ಪಾಠ. ಮೂರು ನಾಲ್ಕು ಪ್ರಾಣಿಗಳನ್ನು ಮೊದಲೇ ಆರಿಸಿಕೊಂಡು ಒಂದೊಂದರ ಮುಂದೆ ಹದಿನೈದು ನಿಮಿಷ ನಿಲ್ಲುವುದು, ನೂರು ಪ್ರಾಣಿಗಳ ಮುಂದೆ ಓಡುವುದಕ್ಕಿಂತ ಮೇಲು.

ಮಧ್ಯಾಹ್ನ ಮರದ ನೆರಳಿನಲ್ಲಿ ಊಟ, ಮಗುವಿಗೆ ಒಂದು ಸಣ್ಣ ನಿದ್ದೆ. ಮೂರೂವರೆಯ ಮೇಲೆ ಒಂದು ಚಿಕ್ಕ ಜಾಗ. ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಗಿಬಂಡಿಗಳನ್ನು ಹತ್ತಿರದಿಂದ ನೋಡಬಹುದು. ಬೇಡವೆಂದರೆ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಬಳಿಕ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ಭಾನುವಾರ ಸಂಜೆ ಏಳರ ಸುಮಾರಿಗೆ ಸುಮಾರು ಒಂದು ಲಕ್ಷ ದೀಪ ಒಟ್ಟಿಗೆ ಹೊತ್ತಿಕೊಂಡಾಗ ಮಗುವಿನ ಮುಖ ನೋಡಬೇಕು! ಆದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಗ್ಗೆಯೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಬೇಕು. ದೀಪ ನೋಡಿ ಬಸ್ಸು ಕಳೆದುಕೊಂಡವರು ಬೇಕಾದಷ್ಟು ಜನ.

ಕೈ ತಪ್ಪಿದರೆ?

ಇದು ಎಲ್ಲಕ್ಕಿಂತ ಮುಖ್ಯ. ಹೊರಡುವಾಗ ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿರಬೇಕು. ಗಾಬರಿಯಲ್ಲಿ ಅಂಗಿಯ ಬಣ್ಣವೂ ನೆನಪಿಗೆ ಬರುವುದಿಲ್ಲ. ತಂದೆತಾಯಿಯ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. "ನಾವು ಕಾಣದಿದ್ದರೆ ಓಡಬೇಡ, ನಿಂತಲ್ಲೇ ನಿಲ್ಲು, ಜೋರಾಗಿ ಕೂಗು" ಎಂಬ ಪಾಠವನ್ನು ಮನೆಯಲ್ಲೇ ಆಟದಂತೆ ನಾಲ್ಕು ಸಲ ಆಡಿಸಬೇಕು. ಯಾರ ಕೈಯನ್ನು ಯಾರು ಹಿಡಿಯುವುದೆಂದು ಮೊದಲೇ ಗೊತ್ತುಮಾಡಬೇಕು. "ನಿನ್ನ ಜೊತೆ ಇದ್ದಾನೆಂದುಕೊಂಡೆ" ಎಂಬ ಮಾತಿನಲ್ಲೇ ಮಕ್ಕಳು ಕಳೆದುಹೋಗುವುದು. ಕಾಣದಾದ ಕೂಡಲೇ ಕಾವಲುಗಾರರಿಗೆ ತಿಳಿಸಿ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬೇಕು.

ಚೀಲದಲ್ಲಿ ಸ್ಟೀಲ್ ಡಬ್ಬಿಯ ಬುತ್ತಿ, ಕಾಯಿಸಿ ಆರಿಸಿದ ನೀರು, ಟೋಪಿ, ಒಂದು ಜೊತೆ ಬಟ್ಟೆ, ಓ.ಆರ್.ಎಸ್. ಪೊಟ್ಟಣ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಅಂದಾಜಿನಲ್ಲಿ ಚಿಟಿಕೆ ಹಾಕುವುದು ಸಲ್ಲದು.

ಮನೆಗೆ ಬಂದ ಮೇಲೆ

ಪ್ರವಾಸದ ಖರ್ಚು, ದೂರ, ವೇಳೆಯ ಲೆಕ್ಕ ಬರೆಯುವ ಕೆಲಸವನ್ನು ಮನೆಯ ಹೈಸ್ಕೂಲು ವಿದ್ಯಾರ್ಥಿಗೆ ವಹಿಸಿದರೆ ಅದಕ್ಕಿಂತ ಒಳ್ಳೆಯ ಗಣಿತಾಭ್ಯಾಸವಿಲ್ಲ. ಪುಟ್ಟನಿಗೆ ಒಂದು ಹಾಳೆ, ನಾಲ್ಕು ಬಣ್ಣದ ಸೀಮೆಸುಣ್ಣ ಸಾಕು. ಅವನು ಬರೆದ ಜಿರಾಫೆಗೆ ಕಾಲು ಐದಿದ್ದರೂ ತಿದ್ದಬೇಕಾಗಿಲ್ಲ. ನೋಡದೆ ಉಳಿದ ಬೆಟ್ಟ, ಬೃಂದಾವನಗಳು ಎಲ್ಲಿಗೂ ಓಡಿಹೋಗುವುದಿಲ್ಲ. "ಇನ್ನೊಮ್ಮೆ ಯಾವಾಗ ಹೋಗೋದು?" ಎಂದು ಮಗು ಕೇಳಿದರೆ ಆ ದಿನ ಸಾರ್ಥಕ.