ಮೆಚ್ಚಿದ ಹೊಸ ಉದ್ಯೋಗವೂ ದೇಹಾರೋಗ್ಯವೂ

'ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ' ಎಂಬ ಗಾದೆಯಿಂದ ನಮ್ಮ ಹಿರಿಯರು ಹೊಸದಾಗಿ ನೌಕರಿಗೆ ಸೇರಿದವರನ್ನು ಹಾಸ್ಯ ಮಾಡುತ್ತಿದ್ದರು. ಆ ಹಾಸ್ಯದ ಹಿಂದಿನ ಅನುಭವ ಮಾತ್ರ ಸುಳ್ಳಲ್ಲ. ಹಲವು ವರ್ಷ ಒಂದೇ ಕೌಂಟರಿನಲ್ಲಿ ಕುಳಿತು ಬೇಸತ್ತವರಿಗೆ ಮನಸ್ಸಿಗೊಪ್ಪುವ ವಿಭಾಗ ದೊರೆತರೆ ಅವರ ನಡಿಗೆಯ ಗತಿಯೇ ಬದಲಾಗುವುದನ್ನು ಸಹೋದ್ಯೋಗಿಗಳಲ್ಲಿ ಕಂಡಿದ್ದೇನೆ. ಇಂತಹ ಮೆಚ್ಚಿನ ಕೆಲಸವು ದೇಹಕ್ಕೆ ಏನು ಮಾಡುತ್ತದೆ, ಆ ಮೆಚ್ಚುಗೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ವೈದ್ಯನಲ್ಲದ, ವಾಣಿಜ್ಯ ಪದವೀಧರನಾದ ನಾನು ಓದಿ ತಿಳಿದ ಮಟ್ಟಿಗೆ ಇಲ್ಲಿ ನಿವೇದಿಸಿದ್ದೇನೆ.

ದುಡಿಮೆಯ ಒತ್ತಡವೆಲ್ಲ ವಿಷವೆಂದು ಭಾವಿಸುವುದು ಸರಿಯಲ್ಲ. ದೇಹದ ಮೇಲೆ ಒತ್ತಡದ ಪರಿಣಾಮವನ್ನು 1936ರಲ್ಲಿ ವಿವರಿಸಿದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯೇ 1970ರ ದಶಕದಲ್ಲಿ ಹಿತವಾದ ಒತ್ತಡ, ಅಹಿತವಾದ ಒತ್ತಡ ಎಂಬ ಭೇದವನ್ನು ಮಾಡಿದನು. ಎರಡರಲ್ಲಿಯೂ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ. ಮಗಳ ಮದುವೆಯ ಓಡಾಟಕ್ಕೂ ನ್ಯಾಯಾಲಯದ ಓಡಾಟಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಹಿತ, ಅಹಿತಗಳನ್ನು ನಿರ್ಧರಿಸುವುದು ಯಾವುದು? ಇದಕ್ಕೆ ಉತ್ತರ ದೊರೆತದ್ದು ನಮ್ಮಂತಹ ಮೇಜಿನ ನೌಕರರಿಂದಲೇ ಎಂಬುದು ಸ್ವಾರಸ್ಯಕರ. ಹೆಚ್ಚು ಜವಾಬ್ದಾರಿ ಹೊತ್ತ ಮೇಲಧಿಕಾರಿಗಳಿಗೇ ಹೃದಯಾಘಾತ ಹೆಚ್ಚು ಎಂಬ ನಂಬಿಕೆ ಬಹುಕಾಲ ಇತ್ತು. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ನೌಕರರನ್ನು 1967ರಿಂದ ಪರೀಕ್ಷಿಸುತ್ತ ಬಂದ ಸಂಶೋಧಕರಿಗೆ ಕಂಡುಬಂದದ್ದು ಇದಕ್ಕೆ ತದ್ವಿರುದ್ಧ: ಹುದ್ದೆ ಕೆಳಗಿಳಿದಂತೆಲ್ಲ ಹೃದಯರೋಗದ ಸಾವು ಹೆಚ್ಚು. ಧೂಮಪಾನ ಮೊದಲಾದವುಗಳನ್ನು ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದರು. ಮೈಕೇಲ್ ಮಾರ್ಮಟ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದಂತೆ, ತಮ್ಮ ಕೆಲಸದ ಕ್ರಮವನ್ನು ತಾವೇ ನಿರ್ಧರಿಸುವ ಅವಕಾಶ ಕಡಿಮೆಯಿದ್ದವರಲ್ಲಿ ಹೃದಯರೋಗ ಹೆಚ್ಚಾಗಿತ್ತು. ಕಾಗದಪತ್ರಗಳ ರಾಶಿಗಿಂತ, ಯಾವ ಕಾಗದವನ್ನು ಮೊದಲು ಮುಟ್ಟಬೇಕೆಂಬ ಸ್ವಾತಂತ್ರ್ಯವೂ ಇಲ್ಲದಿರುವುದೇ ಹೃದಯಕ್ಕೆ ಭಾರವೆಂದಾಯಿತು. 2019 ಮತ್ತು 2020ರಲ್ಲಿ ಕರಾವಳಿಯಲ್ಲಿ ಹುಟ್ಟಿದ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದಾಗ ಹೊಸ ಹುದ್ದೆಗಳಿಗೆ ಹೋದವರು, ಕೇಳಿ ಪಡೆದ ಹುದ್ದೆಗೂ ಹೇಳದೆ ಬಂದ ಹುದ್ದೆಗೂ ಇರುವ ಅಂತರವನ್ನು ಚೆನ್ನಾಗಿ ಬಲ್ಲರು.

ಇನ್ನು ಗೋಣಿಯ ವಿಷಯ. ನೌಕರಿ ಬದಲಿಸಿದೊಡನೆ ತೃಪ್ತಿ ಏರುತ್ತದೆ, ಕ್ರಮೇಣ ಇಳಿಯುತ್ತದೆ ಎಂದು ಅಮೆರಿಕದ ಉನ್ನತ ಅಧಿಕಾರಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದುದರಿಂದ ಎರಡನೆಯ ವರ್ಷದಲ್ಲಿ ಉತ್ಸಾಹ ತಗ್ಗಿತೆಂದು ಆಯ್ಕೆಯೇ ತಪ್ಪೆಂದು ತಿಳಿಯಬೇಕಾಗಿಲ್ಲ. ತಗ್ಗಿದ ಉತ್ಸಾಹವನ್ನು ಕಾಯುವ ಉಪಾಯವೂ ಉಂಟು. ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ವಿದುಷಿಯರು 2001ರಲ್ಲಿ ಬರೆದ ಲೇಖನದಲ್ಲಿ ಆಸ್ಪತ್ರೆಯ ಶುಚಿಗಾರರ ಉದಾಹರಣೆ ಇದೆ. ಅವರಲ್ಲಿ ಕೆಲವರು ನೆಲ ಒರೆಸುವುದಷ್ಟೇ ತಮ್ಮ ಕೆಲಸವೆನ್ನದೆ, ರೋಗಿಗಳೊಡನೆ ಎರಡು ಮಾತನಾಡಿ, ಅವರ ಶುಶ್ರೂಷೆಯಲ್ಲಿ ತಾವೂ ಪಾಲುದಾರರೆಂದು ಭಾವಿಸಿದ್ದರು. ಕೆಲಸದಲ್ಲಿ ತೃಪ್ತಿ ಕಂಡವರೂ ಅವರೇ. ನವೆಂಬರಿನಲ್ಲಿ, ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಲು ಬರುವ ವೃದ್ಧ ಪಿಂಚಣಿದಾರರನ್ನು ಹೆಸರು ಹಿಡಿದು ಕರೆದು, ಕುರ್ಚಿ ಕೊಟ್ಟು ಕುಳ್ಳಿರಿಸುವ ಗುಮಾಸ್ತೆಯೊಬ್ಬಳನ್ನು ನಾನು ಬಲ್ಲೆ. ಆ ಕೌಂಟರನ್ನು ಬಿಟ್ಟುಕೊಡಲು ಆಕೆ ಒಪ್ಪುವುದಿಲ್ಲ.

ಆದರೆ ಮೆಚ್ಚಿನ ಕೆಲಸಕ್ಕೆ ಒಂದು ಕಪಟವೂ ಉಂಟು: ಆಯಾಸವನ್ನು ಅದು ಮರೆಸುತ್ತದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 35ರಷ್ಟು, ಹೃದಯರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜು ಮಾಡಿದವು. ಬೆಳಿಗ್ಗೆ 9.30ಕ್ಕೆ ಕುಳಿತು ರಾತ್ರಿ 8.30ಕ್ಕೆ ಏಳುವ ಅಧಿಕಾರಿ, ಊಟದ ವೇಳೆಯನ್ನು ಸೇರಿಸಿದರೆ, ಐದೇ ದಿನಗಳಲ್ಲಿ ಆ 55ನ್ನು ಮುಟ್ಟುತ್ತಾನೆ. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ನಿಂತು ಬಂದ ಹೊತ್ತು ಈ ಲೆಕ್ಕದಲ್ಲಿಲ್ಲ.

ಮನೆಯಿಂದ ತಂದ ಡಬ್ಬಿ ಸಂಜೆ ನಾಲ್ಕರವರೆಗೆ ತೆರೆಯದೆ ಉಳಿಯುವುದು, ರಾತ್ರಿಯ ನಿದ್ರೆ ಏಳು ಗಂಟೆಗಿಂತ ಕಡಿಮೆಯಾಗುತ್ತ ಹೋಗುವುದು, ಇವು ಮೊದಲ ಸೂಚನೆಗಳು. ಇದನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಮನೆಯವರು. ರಕ್ತದೊತ್ತಡವಾದರೋ ಏರಿದರೂ ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರದು. ಅದನ್ನು ಅಳೆದೇ ತಿಳಿಯಬೇಕು. ಮಾರ್ಚ್ ತಿಂಗಳ ವಾರ್ಷಿಕ ಲೆಕ್ಕ ಮುಗಿದ ಮೇಲೆ, ಏಪ್ರಿಲಿನ ಮೊದಲ ವಾರದಲ್ಲಿಯೇ ಅಳೆಸಿಕೊಳ್ಳುವ ಪದ್ಧತಿಯನ್ನು ನಮ್ಮ ಶಾಖೆಯಲ್ಲಿ ಕೆಲವರು ಇಟ್ಟುಕೊಂಡಿದ್ದೇವೆ.