ಕ್ರೈಸ್ತರ ಬಾಳಿನಲ್ಲಿ ನಲಿವು ಮತ್ತು ನೋವು

ಸುಖದುಃಖಗಳು ಬಾಳಬಂಡಿಯ ಎರಡು ಗಾಲಿಗಳೆಂದು ನಾವು ಪ್ರಬಂಧಗಳಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಆ ಮಾತಿನ ಅರ್ಥವೇನೆಂದು ಯೋಚಿಸತೊಡಗಿದ್ದು ಕಳೆದ ಸೆಪ್ಟೆಂಬರಿನಲ್ಲಿ, ತರಗತಿಯ ಗೆಳೆಯನೊಬ್ಬನ ಮನೆಗೆ ಮೊಂತಿ ಹಬ್ಬದ ಊಟಕ್ಕೆ ಹೋದಾಗ. ಅವನ ಅಜ್ಜಿ ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ. ಹಿರಿಯರು ತೀರಿಹೋದ ವರ್ಷ ನಮ್ಮಲ್ಲಿ ಹಲವರ ಮನೆಗಳಲ್ಲಿ ಹಬ್ಬವಿಲ್ಲ. ಹೋಗುವುದೋ ಬೇಡವೋ ಎಂಬ ಸಂಕೋಚದಿಂದಲೇ ಹೋದೆವು.

ಕಾಸರಗೋಡು ಸೀಮೆಯ ಕ್ಯಾಥೋಲಿಕರಲ್ಲಿ ಹಲವರ ಮನೆಮಾತು ಕೊಂಕಣಿ. ಅದನ್ನು ಅವರು ಬರೆಯುವುದು ಕನ್ನಡ ಅಕ್ಷರಗಳಲ್ಲಿ. ಅವರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಅದೇ ಮೊಂತಿ ಹಬ್ಬ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಇದು ಆರಂಭವಾಯಿತೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಆ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುವುದು. ಮನೆಯ ಹಿರಿಯರು ಒಬ್ಬೊಬ್ಬರಿಗೂ ಅದನ್ನು ಕೊಡುವುದು. ಅಂದು ಮೀನು ಮಾಂಸವಿಲ್ಲ. ಬಾಳೆಯೆಲೆಯಲ್ಲಿ ತರಕಾರಿ ಊಟ. ಪದಾರ್ಥಗಳು ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯಲ್ಲಿರಬೇಕು. (ನಾವು ಎಣಿಸಿದೆವು. ಏಳಿದ್ದವು.)

ಆ ಮನೆಯಲ್ಲಿ ಹೊಸ ಅಕ್ಕಿಯನ್ನು ಹಂಚುತ್ತಿದ್ದವರು ಅಜ್ಜಿ. ಈ ಸಲ ಗೆಳೆಯನ ತಾಯಿ ಬಟ್ಟಲು ಹಿಡಿದು ನಿಂತರು. ಎರಡು ಚಮಚ ಕೊಟ್ಟು, ಮೂರನೆಯದಕ್ಕೆ ಕೈ ನಿಂತಿತು. ಎಲ್ಲರೆದುರೇ ಅತ್ತರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಸೆರಗಿನಿಂದ ಮುಖ ಒರೆಸಿಕೊಂಡು ಉಳಿದವರಿಗೂ ಕೊಟ್ಟರು. ಊಟ ನಡೆಯಿತು, ನಗುವೂ ಇತ್ತು. ಅಜ್ಜಿಯ ಶವಸಂಸ್ಕಾರದ ದಿನ ನೆಂಟರೊಬ್ಬರು, "ಸ್ವರ್ಗಕ್ಕೆ ಹೋದವರಿಗಾಗಿ ಅಳುವುದು ವಿಶ್ವಾಸದ ಕೊರತೆ" ಎಂದು ಹೇಳಿದ್ದರಂತೆ. ಆ ಮಾತು ಗೆಳೆಯನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಊಟದ ಮೇಲೆ ಅವನೇ ಅದನ್ನೆತ್ತಿದ. ತಾಯಿ, "ಹಾಗಾದರೆ ಮುಂದಿನ ವಾರದ ಹಬ್ಬ ಯಾರದ್ದು, ಹೇಳು ನೋಡುವ" ಎಂದಷ್ಟೇ ಕೇಳಿ ಎಲೆ ತೆಗೆಯಲು ಹೋದರು.

ಮುಂದಿನ ವಾರ, ಎಂದರೆ ಸೆಪ್ಟೆಂಬರ್ 15, ಶೋಕಮಾತೆಯ ಸ್ಮರಣೆಯ ದಿನ. ಹುಟ್ಟಿದ ಹಬ್ಬ ಮುಗಿದು ಏಳೇ ದಿನಕ್ಕೆ ಅದೇ ಮರಿಯಮ್ಮನವರ ದುಃಖದ ದಿನ! ನಮ್ಮ ನೀರ್ಚಾಲಿನ ಹತ್ತಿರದ ಬೇಳದಲ್ಲಿ 1890ರಲ್ಲಿ ಸ್ಥಾಪನೆಯಾದ, ಗೋಥಿಕ್ ಶೈಲಿಯ ದೊಡ್ಡ ಇಗರ್ಜಿ ಇದೇ ಶೋಕಮಾತೆಯ ಹೆಸರಿನದು. ಅದರ ಎದುರು ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದರೂ ಆ ಹೆಸರಿನ ಬಗ್ಗೆ ನಾವು ಯೋಚಿಸಿರಲಿಲ್ಲ.

ಮರಿಯಮ್ಮನವರ ದುಃಖಗಳು ಏಳೆಂದು ಎಣಿಸುತ್ತಾರೆ. ಹಸುಳೆ ಯೇಸುವನ್ನು ದೇವಾಲಯಕ್ಕೆ ಒಯ್ದಾಗ ವೃದ್ಧ ಸಿಮೆಯೋನನು ನುಡಿದ ಭವಿಷ್ಯವಾಣಿ ಮೊದಲನೆಯದು. ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಿದ್ದು ಎರಡನೆಯದು. ಹನ್ನೆರಡು ವರ್ಷದ ಮಗ ಜೆರುಸಲೇಮಿನಲ್ಲಿ ಮೂರು ದಿನ ಕಾಣೆಯಾದದ್ದು ಮೂರನೆಯದು. ಉಳಿದ ನಾಲ್ಕೂ ಶಿಲುಬೆಗೆ ಸಂಬಂಧಿಸಿದವು: ಶಿಲುಬೆಯ ದಾರಿಯಲ್ಲಿ ಮಗನ ಭೇಟಿ, ಅವನ ಮರಣ, ದೇಹವನ್ನು ಕೆಳಗಿಳಿಸಿದ್ದು, ಸಮಾಧಿ. ಇನ್ನು ಸಂಜೆ ಮನೆಗಳಲ್ಲಿ ಹೇಳುವ ಜಪಮಾಲೆಯನ್ನು ನೋಡೋಣ. ಅದರಲ್ಲಿ ಸಂತೋಷದ, ದುಃಖದ, ಮಹಿಮೆಯ ರಹಸ್ಯಗಳೆಂದು ಐದೈದು ಇವೆ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಸೋಮವಾರ ಮತ್ತು ಶನಿವಾರ ಸಂತೋಷದವು, ಮಂಗಳವಾರ ಮತ್ತು ಶುಕ್ರವಾರ ದುಃಖದವು. ಗೆಳೆಯನು ಬೆರಳು ಮಡಚುತ್ತಾ ಸಂತೋಷದ ಐದನ್ನೂ ಹೇಳುತ್ತಿದ್ದಾಗ ನಮಗೊಂದು ಸಂಗತಿ ಹೊಳೆಯಿತು. ಅವುಗಳಲ್ಲಿ ನಾಲ್ಕನೆಯದು ಹಸುಳೆಯನ್ನು ದೇವಾಲಯದಲ್ಲಿ ಅರ್ಪಿಸಿದ್ದು. ಐದನೆಯದು ಕಳೆದುಹೋದ ಮಗ ದೇವಾಲಯದಲ್ಲಿ ಸಿಕ್ಕಿದ್ದು. ಎಂದರೆ ಅಲ್ಲಿ ದುಃಖದ ಪಟ್ಟಿಯಲ್ಲಿದ್ದ ಅವೇ ಎರಡು ಘಟನೆಗಳು ಇಲ್ಲಿ ಸಂತೋಷದ ಪಟ್ಟಿಯಲ್ಲಿವೆ! ದೇವಾಲಯಕ್ಕೆ ಮಗುವನ್ನು ಎತ್ತಿಕೊಂಡು ಹೋದ ಹೆಮ್ಮೆ, ಅಲ್ಲಿ ಕೇಳಿದ ಕಠಿಣ ಮಾತು ಒಂದೇ ಮುಂಜಾನೆಯವು. ಗಾಲಿಗಳ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ; ಗಾಲಿಗಳು ಬೇರೆ ಬೇರೆಯಾಗಿರುತ್ತವೆ.

ಆ ನೆಂಟರ ಮಾತಿಗೆ ಸುವಾರ್ತೆಯಲ್ಲೇ ಉತ್ತರವಿದೆ ಎಂದು ನಮಗೆ ತೋರುತ್ತದೆ. ಗೆಳೆಯ ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಯೇಸು ಬೆಥಾನಿಯಕ್ಕೆ ಬಂದರು. ಅವನನ್ನು ಎಬ್ಬಿಸುವೆನೆಂದು ಅವರಿಗೆ ಗೊತ್ತಿತ್ತು. ಬರುವ ಮೊದಲೇ ಶಿಷ್ಯರಿಗೆ ಹೇಳಿಯೂ ಇದ್ದರು. ಆದರೂ ಸಮಾಧಿಯ ಹತ್ತಿರ ಅತ್ತರೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಮುಂದೆ ಸಂತೋಷವಿದೆಯೆಂದು ನಿಶ್ಚಯವಾಗಿ ತಿಳಿದವರೇ ಅತ್ತಿರುವಾಗ, ಅಳುವುದನ್ನು ವಿಶ್ವಾಸದ ಕೊರತೆ ಎನ್ನಲು ಹೇಗೆ ಸಾಧ್ಯ?

ಪವಿತ್ರ ವಾರದಲ್ಲಿಯೂ ಇದೇ ರೀತಿ. ಗುರುವಾರ ರಾತ್ರಿಯ ಪೂಜೆಯಲ್ಲಿ ನಿಂತ ಗಂಟೆ ಶನಿವಾರ ರಾತ್ರಿಯ ತನಕ ಮೌನ. ಬದಲಿಗೆ ಮರದ ಹಲಗೆಯ ಸದ್ದು. ಶುಭ ಶುಕ್ರವಾರ ಬಲಿಪೂಜೆಯೇ ಇಲ್ಲ. ಶನಿವಾರ ರಾತ್ರಿ ಇಗರ್ಜಿಯ ಹೊರಗೆ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದ ಬತ್ತಿಯನ್ನು ಬೆಳಗಿಸುತ್ತಾರೆ. ವರ್ಷದಲ್ಲೇ ಅತ್ಯಂತ ಸಂತೋಷದ ರಾತ್ರಿಯದು. ಆದರೆ ಆ ಬತ್ತಿಯಲ್ಲಿ ಶಿಲುಬೆಯಾಕಾರವಾಗಿ ಧೂಪದ ಐದು ಹರಳುಗಳನ್ನು ಚುಚ್ಚುವ ಕ್ರಮವಿದೆ. ಅವು ಯೇಸುವಿನ ಐದು ಗಾಯಗಳ ಗುರುತು. ಪುನರುತ್ಥಾನರಾದ ಯೇಸು ಸಂಶಯಪಟ್ಟ ತೋಮನಿಗೆ ತೋರಿಸಿದ್ದೂ ಆ ಗಾಯಗಳನ್ನೇ. ಸಂತೋಷ ಬಂತೆಂದು ಗಾಯದ ಗುರುತು ಅಳಿಸಿಹೋಗಲಿಲ್ಲ. ನವೆಂಬರ್ 1 ಸಕಲ ಸಂತರ ಹಬ್ಬ, ಮರುದಿನವೇ ಮೃತರ ದಿನ. ಅದನ್ನೂ ಇದರ ಜತೆಗೆ ಹೇಳಬಹುದು.

ಅಂದು ನಾವು ಹೊರಡುವಾಗ ಗೆಳೆಯನ ತಂದೆ ಜಗಲಿಯಲ್ಲಿ ಕೂತು ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದರು. ಆಶೀರ್ವದಿಸಿದ ಕಾಳುಗಳನ್ನು ಮುಂಬಯಿಯಲ್ಲಿಯೂ ಗಲ್ಫಿನಲ್ಲಿಯೂ ಇರುವ ಮನೆಯವರಿಗೆ ಅಂಚೆಯಲ್ಲಿ ಕಳುಹಿಸುವ ಪದ್ಧತಿ ಇವರಲ್ಲಿದೆ. ಈ ಲಕೋಟೆ ಅವರ ತಮ್ಮನಿಗೆ. ರಜೆ ಸಿಕ್ಕದೆ ತಾಯಿಯ ಮಣ್ಣಿಗೆ ಬರಲಾಗದಿದ್ದವರು ಅವರೇ. ಕಾಗದದಲ್ಲಿ ಏಳು ಕಾಳುಗಳನ್ನು ಮಡಚಿಟ್ಟು, ಸ್ವಲ್ಪ ಯೋಚಿಸಿ, ಅಜ್ಜಿಯ ಪಾಲಿನದೆಂದು ಇನ್ನೆರಡನ್ನು ಸೇರಿಸಿ ಲಕೋಟೆಗೆ ಅಂಟು ಹಚ್ಚಿದರು.